ಅಂಕವೂ ಕ್ರಮವೂ: ಉನ್ನತ ಪದವಿಗಳ ನ್ಯಾಯಾಂಗ ಪರಾಮರ್ಶೆಯಲ್ಲಿ ಮೈಸೂರು ಮತ್ತು ಕೇರಳದ ಮೊಕದ್ದಮೆಗಳು

1

ತಿರುವನಂತಪುರದ ರೈಲು ನಿಲ್ದಾಣವೂ ಬಸ್ಸು ನಿಲ್ದಾಣವೂ ಎದುರುಬದುರಾಗಿ ನಿಂತಿರುವ ಭಾಗಕ್ಕೆ ತಂಪಾನೂರ್ ಎಂದು ಹೆಸರು. ಅಲ್ಲಿಂದ ಅನತಿ ದೂರದ ಪಾಳಯದಲ್ಲಿ ಕೇರಳ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ ಅಲ್ಲಿನ ಕನ್ನಡ ವಿದ್ಯಾರ್ಥಿಯ ಪದವಿಯ ಭವಿಷ್ಯ ತೀರ್ಮಾನವಾಗುವ ಊರು ಮದರಾಸಿನ ಬದಲು ತಿರುವನಂತಪುರವಾಯಿತು. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಹುಟ್ಟುವವರೆಗೆ ಈ ಸ್ಥಿತಿ ಇತ್ತು. ಒಂದು ಅಂಕಪಟ್ಟಿಯ ವಿಚಾರವನ್ನು ಮುಖತಃ ಕೇಳಬೇಕೆಂದರೂ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿ ತಂಪಾನೂರಿನಲ್ಲಿ ಇಳಿಯಬೇಕಾಗಿತ್ತು.

ಕೇಳಿದ್ದಕ್ಕೆ ಉತ್ತರ ದೊರೆಯದಿದ್ದರೆ ದೂರು ಕೊಡುವ ಸ್ಥಳ ಮತ್ತೊಂದು. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು 1949ರಲ್ಲಿ ಒಂದಾದಾಗ ರಾಜಧಾನಿ ತಿರುವನಂತಪುರದಲ್ಲಿ ಉಳಿಯಿತು. ಉಚ್ಚ ನ್ಯಾಯಾಲಯ ಕೊಚ್ಚಿಯ ಎರ್ನಾಕುಲಂಗೆ ಬಂದಿತು. 1956ರಲ್ಲಿ ಕೇರಳ ರಾಜ್ಯ ರೂಪುಗೊಂಡಾಗಲೂ ಈ ಏರ್ಪಾಡು ಮುಂದುವರಿಯಿತು. ಹೀಗಾಗಿ ವಿಶ್ವವಿದ್ಯಾಲಯದ ನಿರ್ಣಯ ಒಂದು ನಗರದಲ್ಲಿ, ಆ ನಿರ್ಣಯದ ಪರಾಮರ್ಶೆ ಇನ್ನೊಂದು ನಗರದಲ್ಲಿ ನಡೆಯುವುದು ಕೇರಳದಲ್ಲಿ ರೂಢಿಯಾಯಿತು. ಭೂಗೋಳದ ಈ ಅಂತರಕ್ಕೆ ಸದೃಶವಾದ ಒಂದು ಅಂತರ ನ್ಯಾಯಶಾಸ್ತ್ರದಲ್ಲಿಯೂ ಇದೆ. ಪದವಿಗೆ ಯಾರು ಯೋಗ್ಯರು ಎಂದು ಹೇಳುವುದು ವಿದ್ವಾಂಸರ ಕೆಲಸ. ಆ ಮಾತನ್ನು ನಿಯಮದಂತೆ ಹೇಳಿದರೇ ಎಂದು ನೋಡುವುದು ನ್ಯಾಯಾಲಯದ ಕೆಲಸ. ಈ ಎರಡರ ನಡುವಣ ಗಡಿಯನ್ನು ಗುರುತಿಸುವಲ್ಲಿ ಮೈಸೂರು ಮತ್ತು ಕೇರಳದ ವಿಶ್ವವಿದ್ಯಾಲಯಗಳ ಮೊಕದ್ದಮೆಗಳಿಗೆ ದೊಡ್ಡ ಪಾತ್ರವಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ. ಪ್ರಶ್ನೆ ಕೇವಲ ಚರಿತ್ರೆಯದಲ್ಲ. ಐದಾರು ವರ್ಷಗಳ ದುಡಿಮೆಯನ್ನು ಒಂದು ಮಹಾಪ್ರಬಂಧಕ್ಕೆ ಕಟ್ಟಿಟ್ಟ ಸಂಶೋಧಕನಿಗೆ ನ್ಯಾಯಾಲಯ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬ ತಿಳಿವು ಅವನ ಬದುಕಿಗೆ ಸಂಬಂಧಿಸಿದ್ದಾಗಿದೆ.

2

ಪದವಿಯ ವಿಷಯದಲ್ಲಿ ವಿಶ್ವವಿದ್ಯಾಲಯವನ್ನು ನ್ಯಾಯಾಲಯಕ್ಕೆ ಎಳೆದ ಮೊಕದ್ದಮೆಗಳಲ್ಲಿ ಬಹು ಪ್ರಸಿದ್ಧವಾದುದು ಇಂಗ್ಲೆಂಡಿನದು. ಕೇಂಬ್ರಿಜ್ ವಿಶ್ವವಿದ್ಯಾಲಯವು 1718ರಲ್ಲಿ ತನ್ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥ, ಗ್ರೀಕ್ ಮತ್ತು ಲ್ಯಾಟಿನ್ ವಿದ್ವಾಂಸ ರಿಚರ್ಡ್ ಬೆಂಟ್ಲಿಯ ಪದವಿಗಳನ್ನು ಕಿತ್ತುಕೊಂಡಿತು. ಕಾರಣ ವಿದ್ವತ್ತಿನ ಕೊರತೆಯಲ್ಲ. ಶುಲ್ಕವೊಂದನ್ನು ಕುರಿತು ಎದ್ದ ಜಗಳ ಬೆಳೆದು, ಕುಲಪತಿಯ ನ್ಯಾಯಸಭೆಗೆ ಅವನು ಅಗೌರವ ತೋರಿದನೆಂಬ ಆರೋಪದಲ್ಲಿ ಮುಗಿದಿತ್ತು. ಅವನ ಮಾತನ್ನು ಕೇಳದೆಯೇ ಶಿಕ್ಷೆ ವಿಧಿಸಲಾಗಿತ್ತು. ರಾಜನ ನ್ಯಾಯಪೀಠವು ಈ ಕ್ರಮವನ್ನು ತಪ್ಪೆಂದು ಪರಿಗಣಿಸಿತು. 1724ರಲ್ಲಿ ಪದವಿಗಳು ಅವನಿಗೆ ಮರಳಿದವು. ಏದನ್ ತೋಟದಲ್ಲಿ ಆದಾಮನನ್ನು ಶಿಕ್ಷಿಸುವ ಮೊದಲು ಭಗವಂತನೂ ಅವನನ್ನು ಕರೆದು ಪ್ರಶ್ನಿಸಿದನು ಎಂಬರ್ಥದ ಮಾತನ್ನು ಒಬ್ಬ ನ್ಯಾಯಮೂರ್ತಿ ಆಗ ಆಡಿದುದು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಬೆಂಟ್ಲಿ ಆ ಪದವಿಗಳಿಗೆ ಅರ್ಹನೋ ಅಲ್ಲವೋ ಎಂದು ನ್ಯಾಯಪೀಠ ವಿಚಾರಿಸಲಿಲ್ಲ. ಪದವಿ ಹೋದ ರೀತಿಯನ್ನಷ್ಟೇ ವಿಚಾರಿಸಿತು.

ಭಾರತದಲ್ಲಿ ಇಂತಹ ವಿಚಾರಣೆಗೆ ದಾರಿ ಬಹುಕಾಲ ಇಕ್ಕಟ್ಟಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ರಿಟ್ ಹೊರಡಿಸುವ ಅಧಿಕಾರ ಕಲಕತ್ತೆ, ಮುಂಬಯಿ, ಮದರಾಸುಗಳ ಉಚ್ಚ ನ್ಯಾಯಾಲಯಗಳಿಗೆ ಮಾತ್ರ, ಅದೂ ಬಹುಮಟ್ಟಿಗೆ ಆ ನಗರಗಳ ಎಲ್ಲೆಯೊಳಗೆ, ಇತ್ತು. 1916ರಲ್ಲಿ ಮೈಸೂರು ಸಂಸ್ಥಾನವೂ 1937ರಲ್ಲಿ ತಿರುವಾಂಕೂರು ಸಂಸ್ಥಾನವೂ ತಮ್ಮ ತಮ್ಮ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿದವು. ಅವುಗಳಲ್ಲಿ ಓದಿದವನು ಅನ್ಯಾಯವಾಯಿತೆಂದು ಕಂಡರೆ ಅರಸರ ಸರಕಾರಕ್ಕೆ ಮನವಿ ಬರೆದುಕೊಳ್ಳಬಹುದಾಗಿತ್ತು. 1950ರ ಸಂವಿಧಾನದ 226ನೆಯ ಅನುಚ್ಛೇದ ಈ ಸ್ಥಿತಿಯನ್ನು ಬದಲಿಸಿತು. ಪ್ರತಿಯೊಂದು ಉಚ್ಚ ನ್ಯಾಯಾಲಯಕ್ಕೂ ರಿಟ್ ಅಧಿಕಾರ ಬಂದಿತು. ಶಾಸನದಿಂದ ಹುಟ್ಟಿದ ವಿಶ್ವವಿದ್ಯಾಲಯ ಆ ಅಧಿಕಾರದ ಕೈಗೆ ಸಿಕ್ಕುವ ಸಂಸ್ಥೆಯಾಯಿತು.

ಹೊಸ ಅಧಿಕಾರದ ಮೊದಲ ಫಲಗಳಲ್ಲೊಂದು 1962ರಲ್ಲಿ ಕಂಡುಬಂದಿತು. ಉತ್ತರ ಪ್ರದೇಶದ ಪರೀಕ್ಷಾ ಮಂಡಲಿಯು 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಮೂವರ ಫಲಿತಾಂಶವನ್ನು ಅವ್ಯವಹಾರದ ಕಾರಣದಿಂದ, ಅವರನ್ನು ವಿಚಾರಿಸದೆ, ರದ್ದುಪಡಿಸಿತ್ತು. ಘನಶ್ಯಾಮ ದಾಸ್ ಗುಪ್ತ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ, ವಿದ್ಯಾರ್ಥಿಯ ಭವಿಷ್ಯವನ್ನು ಕೆಡಿಸುವಂತಹ ನಿರ್ಣಯಕ್ಕೆ ಮೊದಲು ಅವನ ಮಾತನ್ನು ಕೇಳಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1954ರ ಪರೀಕ್ಷೆಗೆ 1962ರಲ್ಲಿ ನ್ಯಾಯ ದೊರೆತುದನ್ನು ಇಲ್ಲಿಯೇ ಗುರುತಿಸಿಡುವುದು ಉಚಿತ.

3

ಉನ್ನತ ಪದವಿಯ ಬೆಲೆಯನ್ನು ನ್ಯಾಯಾಲಯ ಕಟ್ಟಬಹುದೇ ಎಂಬ ಪ್ರಶ್ನೆ ನೇರವಾಗಿ ಎದ್ದುದು ಕನ್ನಡ ನಾಡಿನಲ್ಲಿ. ಮೈಸೂರು ವಿಶ್ವವಿದ್ಯಾಲಯವು 1959ರಲ್ಲಿ ಪ್ರಾಧ್ಯಾಪಕ ಮತ್ತು ಪ್ರವಾಚಕ ಹುದ್ದೆಗಳಿಗೆ ಅರ್ಜಿ ಕರೆಯಿತು. ಪ್ರಥಮ ಅಥವಾ ಉತ್ತಮ ದ್ವಿತೀಯ ದರ್ಜೆಯ ಸ್ನಾತಕೋತ್ತರ ಪದವಿ, ಇಲ್ಲವೇ ಅದಕ್ಕೆ ಸಮಾನವಾದ ವಿದೇಶೀ ಅರ್ಹತೆ. ಡಾಕ್ಟರೇಟ್ ಮಟ್ಟದ ಸಂಶೋಧನ ಪದವಿ, ಇಲ್ಲವೇ ಉನ್ನತ ಮಟ್ಟದ ಪ್ರಕಟಿತ ಕೃತಿ. ಬೋಧನೆಯ ಅನುಭವ ಎಂಬಿವು ಅರ್ಹತೆಗಳಾಗಿದ್ದವು. ಕನ್ನಡದ ತಿಳಿವಳಿಕೆ ಅಪೇಕ್ಷಣೀಯವೆಂಬ ಮಾತೂ ಅಲ್ಲಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ಸಂಶೋಧನ ಪ್ರವಾಚಕ ಹುದ್ದೆಗೆ ಅಣ್ಣಯ್ಯಗೌಡರ ನೇಮಕವಾದಾಗ ಗೋವಿಂದರಾವ್ ಎಂಬ ಅಭ್ಯರ್ಥಿ ಅದನ್ನು ಮೈಸೂರು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು.

ವಿವಾದವು ಒಂದು ಅಂಕದ ಸುತ್ತ ಸುತ್ತಿತು. ನೇಮಕಗೊಂಡವರು ಸ್ನಾತಕೋತ್ತರ ಪರೀಕ್ಷೆಯಲ್ಲಿ ಗಳಿಸಿದ್ದುದು ಶೇಕಡ 50.2. ಇದು ದ್ವಿತೀಯ ದರ್ಜೆಯಾದರೂ ಉತ್ತಮ ದ್ವಿತೀಯ ದರ್ಜೆಯೇ? ಅಲ್ಲವೆಂದು ಉಚ್ಚ ನ್ಯಾಯಾಲಯ ತೀರ್ಮಾನಿಸಿ ನೇಮಕವನ್ನು ರದ್ದುಪಡಿಸಿತು. ಆಯ್ಕೆ ಮಂಡಲಿಯನ್ನು ಕಟುವಾಗಿ ಟೀಕಿಸಿತು. ಆದರೆ ಅವರಿಗೆ ಇಂಗ್ಲೆಂಡಿನ ಡರಾಂ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯೂ ಇದ್ದಿತು. ಅದನ್ನು ಸಮಾನ ವಿದೇಶೀ ಅರ್ಹತೆಯೆಂದು ತಜ್ಞರ ಮಂಡಲಿ ಪರಿಗಣಿಸಿದ್ದರೆ ಅದನ್ನು ಅಲ್ಲಗಳೆಯುವುದು ನ್ಯಾಯಾಲಯಕ್ಕೆ ತಕ್ಕುದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1963ರ ಆಗಸ್ಟಿನಲ್ಲಿ ಹೇಳಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ವಿದ್ಯಾವಿಷಯಕ ತಜ್ಞರ ಅಭಿಪ್ರಾಯದಲ್ಲಿ ಕೈಹಾಕಲು ನ್ಯಾಯಾಲಯ ಹಿಂಜರಿಯಬೇಕು. ನೇಮಕವು ಶಾಸನವನ್ನೋ ಬದ್ಧವಾದ ನಿಯಮವನ್ನೋ ಮೀರಿದೆಯೇ ಎಂಬುದನ್ನು ಮಾತ್ರ ನೋಡಬೇಕು ಎಂಬುದು ಅದರ ಸಾರ. ಮುಂದೆ ಭಾರತದ ಯಾವ ವಿಶ್ವವಿದ್ಯಾಲಯವೇ ನ್ಯಾಯಾಲಯದ ಮೆಟ್ಟಿಲೇರಿದರೂ ಅದರ ವಕೀಲರು ಮೊದಲು ಉಲ್ಲೇಖಿಸುವ ತೀರ್ಪುಗಳಲ್ಲಿ ಇದೂ ಒಂದಾಯಿತು.

ಎರಡು ವರ್ಷಗಳ ತರುವಾಯ, 1965ರಲ್ಲಿ, ಅದೇ ವಿಶ್ವವಿದ್ಯಾಲಯದ ಇನ್ನೊಂದು ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಪಶುವೈದ್ಯ ಪದವಿಯ ವಿದ್ಯಾರ್ಥಿ ನಾಲ್ಕು ಬಾರಿ ಅನುತ್ತೀರ್ಣನಾದರೆ ವ್ಯಾಸಂಗವನ್ನು ಮುಂದುವರಿಸುವಂತಿಲ್ಲ ಎಂಬ ವಿನಿಯಮವನ್ನು ಗೋಪಾಲಗೌಡ ಪ್ರಕರಣದಲ್ಲಿ ಪ್ರಶ್ನಿಸಲಾಗಿತ್ತು. ವಿದ್ಯೆಯ ಮಟ್ಟವನ್ನು ಕಾಪಾಡುವ ಅಧಿಕಾರದಲ್ಲಿಯೇ ಇಂತಹ ಮಿತಿಯನ್ನು ಹಾಕುವ ಅಧಿಕಾರವೂ ಅಡಗಿದೆ ಎಂದು ತೀರ್ಮಾನವಾಯಿತು. ಎರಡೂ ಮೊಕದ್ದಮೆಗಳಲ್ಲಿ ಮೈಸೂರು ಉಚ್ಚ ನ್ಯಾಯಾಲಯ ಅರ್ಜಿದಾರರ ಪರವಾಗಿ ನಿಂತಿತ್ತು. ಎರಡರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ವಿಶ್ವವಿದ್ಯಾಲಯದ ಪರವಾಗಿ ತಿರುಗಿತು. ಮೌಲ್ಯ ನಿರ್ಣಯದ ಅಂಗಳಕ್ಕೆ ನ್ಯಾಯಾಲಯ ಕಾಲಿಡದು ಎಂಬ ಅಂಶ ಮೈಸೂರಿನ ಈ ಮೊಕದ್ದಮೆಗಳಿಂದ ಸ್ಪಷ್ಟವಾಯಿತು.

4

ಕ್ರಮದ ಅಂಗಳದಲ್ಲಿ ನ್ಯಾಯಾಲಯ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ತಿರುವನಂತಪುರದಿಂದ ಬಂದ ಮೊಕದ್ದಮೆಯೊಂದು ತಿಳಿಸಿತು. ಸುರೇಶ್ ಕೋಶಿ ಜಾರ್ಜ್ ವಿರುದ್ಧ ಕೇರಳ ವಿಶ್ವವಿದ್ಯಾಲಯ ಎಂಬ ಈ ಮೊಕದ್ದಮೆಯ ತೀರ್ಪು 1968ರ ಜುಲೈ ತಿಂಗಳಿನದು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಕ್ರಮವೆಸಗಿದ ಆರೋಪ ವಿದ್ಯಾರ್ಥಿಯ ಮೇಲಿತ್ತು. ಕುಲಪತಿಗಳು ವಿಚಾರಣಾಧಿಕಾರಿಯನ್ನು ನೇಮಿಸಿದರು. ಸಾಕ್ಷಿಗಳನ್ನು ಪ್ರಶ್ನಿಸಲು ವಿದ್ಯಾರ್ಥಿಗೆ ಅವಕಾಶ ದೊರೆಯಿತು. ವರದಿ ಬಂದ ಬಳಿಕ, ಶಿಕ್ಷೆ ಏಕೆ ವಿಧಿಸಬಾರದೆಂದು ಕಾರಣ ಕೇಳುವ ನೋಟೀಸು ಹೋಯಿತು. ಆದರೆ ವರದಿಯ ಪ್ರತಿಯನ್ನು ಕೊಟ್ಟಿರಲಿಲ್ಲ. ಇದರಿಂದ ಸಹಜ ನ್ಯಾಯಕ್ಕೆ ಭಂಗವಾಯಿತೆಂಬುದು ವಿದ್ಯಾರ್ಥಿಯ ವಾದ.

ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಸಹಜ ನ್ಯಾಯದ ತತ್ತ್ವಗಳು ಅಚ್ಚಿನಲ್ಲಿ ಎರಕ ಹೊಯ್ದ ನಿಯಮಗಳಲ್ಲ. ಅವುಗಳ ವ್ಯಾಪ್ತಿಯು ಆಯಾ ಪ್ರಕರಣದ ಸಂದರ್ಭ, ವಿಚಾರಣೆ ನಡೆಸುವ ಮಂಡಲಿಯ ಸ್ವರೂಪ, ಅದಕ್ಕೆ ಆಧಾರವಾದ ಶಾಸನ ಇವುಗಳನ್ನು ಅವಲಂಬಿಸಿದೆ ಎಂದು ಅದು ವಿವರಿಸಿತು. ವರದಿಯ ಪ್ರತಿ ಬೇಕಾಗಿದ್ದರೆ ವಿದ್ಯಾರ್ಥಿ ಆಗಲೇ ಕೇಳಬಹುದಾಗಿತ್ತು. ಆಗ ಕೇಳದೆ ಬಳಿಕ ದೂರುವುದು ತಡವಾಗಿ ಹೊಳೆದ ಯೋಚನೆ ಎಂದು ಹೇಳಿತು. ಸೋತವನಿಗೆ ಈ ಮಾತು ಕಠಿನವಾಗಿ ಕೇಳಿಸಿರಬೇಕು. ಆದರೆ ಅನಂತರ ಬಂದವರಿಗೆ ಇದರಲ್ಲಿ ಒಂದು ಪಾಠವಿದೆ: ಬೇಕಾದ ಕಾಗದವನ್ನು ಬೇಕಾದ ಹೊತ್ತಿನಲ್ಲಿ ಬರಹದ ಮೂಲಕ ಕೇಳಿರಬೇಕು.

ಈ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ. ಅವರು 1909ರಲ್ಲಿ ಜನಿಸಿದುದು ಕಾರ್ಕಳದ ಬಳಿಯ ಕೌಡೂರಿನಲ್ಲಿ. ಕಾರ್ಕಳ, ಕಾಸರಗೋಡು ಎರಡೂ ಆಗ ಒಂದೇ ಜಿಲ್ಲೆಯಲ್ಲಿದ್ದವು. 1957ರಲ್ಲಿ ಅವರು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ರಾಜೀನಾಮೆ ಕೊಟ್ಟರು. ಕೇರಳ ವಿಶ್ವವಿದ್ಯಾಲಯದ ತೀರ್ಪು ಹೊರಬಿದ್ದ ಒಂಬತ್ತು ತಿಂಗಳಲ್ಲಿ, 1969ರ ಏಪ್ರಿಲ್‌ನಲ್ಲಿ, ಕ್ರೈಪಾಕ್ ಪ್ರಕರಣವೆಂಬ ಇನ್ನೊಂದು ತೀರ್ಪನ್ನು ಅವರು ಬರೆದರು. ಜಮ್ಮು ಮತ್ತು ಕಾಶ್ಮೀರದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಲಿಯಲ್ಲಿ ಅಭ್ಯರ್ಥಿಯೊಬ್ಬನೇ ಸದಸ್ಯನಾಗಿ ಕುಳಿತಿದ್ದುದು ಅಲ್ಲಿನ ವಿವಾದ. ಆಡಳಿತದ ನಿರ್ಣಯಕ್ಕೂ ನ್ಯಾಯಿಕ ಸ್ವರೂಪದ ನಿರ್ಣಯಕ್ಕೂ ನಡುವಣ ಗೆರೆ ಮಾಸುತ್ತಿದೆ, ಎರಡಕ್ಕೂ ಸಹಜ ನ್ಯಾಯ ಅನ್ವಯಿಸುತ್ತದೆ ಎಂದು ಸಾರಿದ ಈ ತೀರ್ಪು ಭಾರತದ ಆಡಳಿತ ನ್ಯಾಯಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದು. ಇದರಲ್ಲಿ ಅವರು ತಮ್ಮ ಕೇರಳ ವಿಶ್ವವಿದ್ಯಾಲಯದ ತೀರ್ಪಿನ ಮಾತನ್ನೇ ಆಧಾರವಾಗಿ ಎತ್ತಿಕೊಂಡರು. ತಿರುವನಂತಪುರದ ವಿದ್ಯಾರ್ಥಿ ಸೋತ ಮೊಕದ್ದಮೆಯ ಸೂತ್ರವೇ ಕಾಶ್ಮೀರದ ಅಧಿಕಾರಿಗಳು ಗೆದ್ದ ಮೊಕದ್ದಮೆಯ ಆಧಾರಗಳಲ್ಲಿ ಒಂದಾಯಿತು.

ಕ್ರೈಪಾಕ್ ತೀರ್ಪಿನ ಅರ್ಥ ಸಂಶೋಧನ ಪದವಿಗೆ ವಿಶೇಷವಾಗಿ ಮುಖ್ಯ. ಪರೀಕ್ಷಾ ಕೊಠಡಿಯಲ್ಲಿ ಸಾವಿರಾರು ಮಂದಿ ಬರೆಯುವ ಉತ್ತರ ಪತ್ರಿಕೆಯನ್ನು ನೋಡುವವನಿಗೆ ಬರೆದವರ ಹೆಸರು ತಿಳಿಯದು. ಮಹಾಪ್ರಬಂಧವನ್ನು ನೋಡುವವನಿಗೆ ಸಂಶೋಧಕನೂ ಗೊತ್ತು, ಮಾರ್ಗದರ್ಶಕನೂ ಗೊತ್ತು, ಕೆಲವೊಮ್ಮೆ ಅವರಿಬ್ಬರ ವಿರೋಧಿಗಳೂ ಗೊತ್ತು. ತನ್ನ ಸ್ವಂತ ವಿಷಯದಲ್ಲಿ ಯಾರೂ ನ್ಯಾಯಾಧೀಶನಾಗಬಾರದೆಂಬ ತತ್ತ್ವಕ್ಕೆ ಬೆಲೆ ಹೆಚ್ಚುವುದು ಇಂತಹ ಕಡೆಯಲ್ಲಿಯೇ.

5

1980ರ ಎರಡು ತೀರ್ಪುಗಳು ಈ ಗಡಿಯ ಎರಡು ಬದಿಗಳನ್ನು ತೋರಿಸುತ್ತವೆ. ಅಧ್ಯಯನದಲ್ಲಿ ಪ್ರಗತಿ ಸಾಲದೆಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಿಂದ ಹೆಸರು ತೆಗೆಯಲ್ಪಟ್ಟ ವಿದ್ಯಾರ್ಥಿಯ ಪ್ರಕರಣದಲ್ಲಿ, ವಿದ್ಯಾವಿಷಯಕ ಮೌಲ್ಯ ನಿರ್ಣಯಕ್ಕೆ ಮುನ್ನ ವಿಚಾರಣೆ ಅಗತ್ಯವಿಲ್ಲವೆಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ದುರ್ನಡತೆಗಾಗಿ ಹೊರಹಾಕುವುದು ಶಿಕ್ಷೆ, ಅಲ್ಲಿ ವಿಚಾರಣೆ ಬೇಕು; ಪರೀಕ್ಷಕನು ಸಾಲದೆಂದು ಹೇಳುವುದು ಶಿಕ್ಷೆಯಲ್ಲ, ಅದು ಅಭಿಪ್ರಾಯ ಎಂಬುದು ಇದರ ತಾತ್ಪರ್ಯ.

ಇನ್ನೊಂದು ತೀರ್ಪು ಕುಲಶ್ರೇಷ್ಠ ಪ್ರಕರಣದ್ದು. ಅಲಹಾಬಾದ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರವಾಚಕರ ನೇಮಕದಲ್ಲಿ ಮೈಸೂರಿನ ಹಳೆಯ ಒಗಟೇ ಮರಳಿ ಎದುರಾಯಿತು: ಉತ್ತಮ ದ್ವಿತೀಯ ದರ್ಜೆ ಎಂದರೇನು? ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಈ ಬಾರಿ ಅರ್ಥ ಹೇಳಲು ಹಿಂಜರಿಯಲಿಲ್ಲ. ತಲಶ್ಶೇರಿಯಲ್ಲಿ ವಕೀಲಿ ಮಾಡಿ, 1957ರ ಕೇರಳ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದು, 1968ರಲ್ಲಿ ಎರ್ನಾಕುಲಂನ ನ್ಯಾಯಪೀಠವೇರಿದ್ದವರು ಅವರು. ದ್ವಿತೀಯ ದರ್ಜೆ 48ರಿಂದ ಆರಂಭವಾಗಿ 60ಕ್ಕೆ ಪ್ರಥಮ ದರ್ಜೆ ಬರುವುದಾದರೆ ನಡುವಣ 54ರ ಗೆರೆಯನ್ನು ದಾಟಿದ್ದು ಉತ್ತಮ ದ್ವಿತೀಯ ದರ್ಜೆ ಎಂದು ಅವರು ಓದಿದರು. ವಿದ್ಯಾಸಂಸ್ಥೆಗಳ ನಿರ್ಣಯವನ್ನು ಕದಲಿಸಲು ನ್ಯಾಯಾಲಯ ಹಿಂಜರಿಯಬೇಕೆಂಬುದು ವಿವೇಕದ ಸೂತ್ರವೇ ಹೊರತು ನಿಷೇಧವಲ್ಲ. ವಿಶ್ವವಿದ್ಯಾಲಯವೂ ನಿಯಮದ ಆಳ್ವಿಕೆಗೆ ಒಳಪಟ್ಟಿದೆ ಎಂಬುದು ಅವರ ನಿಲುವು.

ಮೇಲುನೋಟಕ್ಕೆ 1963 ಮತ್ತು 1980ರ ತೀರ್ಪುಗಳು ಪರಸ್ಪರ ವಿರುದ್ಧವೆನಿಸಬಹುದು. ವಾಸ್ತವವಾಗಿ ಮೊದಲನೆಯದು ಒಂದು ಪದವಿ ಇನ್ನೊಂದಕ್ಕೆ ಸಮಾನವೇ ಎಂಬ ತಜ್ಞರ ಅಭಿಪ್ರಾಯವನ್ನು ಕಾಪಾಡಿತು. ಎರಡನೆಯದು ವಿಶ್ವವಿದ್ಯಾಲಯ ತಾನೇ ಬರೆದುಕೊಂಡ ನಿಯಮದ ಪದಕ್ಕೆ ಅರ್ಥ ಹೇಳಿತು. ಅಭಿಪ್ರಾಯ ವಿದ್ವಾಂಸನದು, ಪದದ ಅರ್ಥ ನ್ಯಾಯಾಧೀಶನದು ಎಂಬ ವಿಂಗಡಣೆ ಇಲ್ಲಿ ನೆಲೆಗೊಂಡಿತು.

6

ಈ ವಿಂಗಡಣೆ ಇಂದಿಗೂ ಸುಲಭವಾಗಿಲ್ಲ ಎಂಬುದಕ್ಕೆ ಕಣ್ಣೂರು ವಿಶ್ವವಿದ್ಯಾಲಯದ ಪ್ರಕರಣವೊಂದು ಸಾಕ್ಷಿ. 1996ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಕಾಸರಗೋಡಿನ ಕಾಲೇಜುಗಳಿವೆ. ಅಲ್ಲಿನ ಮಲಯಾಳ ಸಹ ಪ್ರಾಧ್ಯಾಪಕ ಹುದ್ದೆಯ ಆಯ್ಕೆಯಲ್ಲಿ, ಕಾಲೇಜಿನ ಅಧ್ಯಾಪಕರು ಪಿಎಚ್.ಡಿ. ಪದವಿಗಾಗಿ ಕಳೆದ ಅವಧಿಯನ್ನು ಬೋಧನೆಯ ಅನುಭವವೆಂದು ಎಣಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಎಣಿಸಲಾಗದೆಂದು ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2022ರ ನವೆಂಬರಿನಲ್ಲಿ ಹೇಳಿತು. 2023ರ ಜೂನ್‌ನಲ್ಲಿ ವಿಭಾಗೀಯ ಪೀಠವು ಅದನ್ನು ತಳ್ಳಿಹಾಕಿತು. ಅದರ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಒಂದೇ ಕಟ್ಟಡದ ಎರಡು ಪೀಠಗಳು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಒಂದೇ ವಿನಿಯಮವನ್ನು ಎರಡು ಬಗೆಯಾಗಿ ಓದಿದವು. ನಿಯಮದ ಪದ ಸಡಿಲವಾಗಿದ್ದಲ್ಲಿ ಅದನ್ನು ಬಿಗಿಗೊಳಿಸುವ ಭಾರ ನ್ಯಾಯಾಲಯದ ಮೇಲೆಯೇ ಬೀಳುತ್ತದೆ.

ಸಂಶೋಧನ ಪದವಿಯ ನಿಯಮಗಳು ಈಚಿನ ದಶಕಗಳಲ್ಲಿ ಹೆಚ್ಚಿವೆ. ಆಯೋಗದ ಪಿಎಚ್.ಡಿ. ವಿನಿಯಮಗಳು 2009, 2016, 2022ರಲ್ಲಿ ಬಂದವು. 2018ರ ಕೃತಿಚೌರ್ಯ ವಿನಿಯಮವು ಪ್ರಬಂಧದಲ್ಲಿನ ಸಾಮ್ಯವನ್ನು ಶೇಕಡ 10, 40, 60 ಎಂಬ ಗೆರೆಗಳಿಂದ ಅಳೆದು, 60ನ್ನು ಮೀರಿದರೆ ನೋಂದಣಿಯನ್ನೇ ರದ್ದುಪಡಿಸಲು ಹೇಳುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಪರೀಕ್ಷಾರ್ಥಿಗೆ ಇದೆಯೆಂದು ತೀರ್ಮಾನಿಸಿತು. ಆದರೆ ಪರೀಕ್ಷಕರ ಹೆಸರನ್ನು ಮರೆಮಾಡಬಹುದೆಂದಿತು. 1968ರ ವಿದ್ಯಾರ್ಥಿಗೆ ಇಲ್ಲದಿದ್ದ ಉಪಕರಣವಿದು. ವಿದ್ಯಾರ್ಥಿಗಳ ದೂರುಗಳಿಗಾಗಿ ಪ್ರತಿ ವಿಶ್ವವಿದ್ಯಾಲಯದಲ್ಲಿಯೂ ಲೋಕಪಾಲರೊಬ್ಬರು ಇರಬೇಕೆಂದು 2023ರ ವಿನಿಯಮ ವಿಧಿಸಿದೆ.

ಹೊರದೇಶಗಳೊಡನೆ ಹೋಲಿಸಿದರೆ ಭಾರತದ ಬಾಗಿಲು ಹೆಚ್ಚು ತೆರೆದಿದೆ ಎನ್ನಬೇಕು. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯ ಪಿಎಚ್.ಡಿ. ವಿದ್ಯಾರ್ಥಿಯೊಬ್ಬರನ್ನು ಹೊರಹಾಕಿದಾಗ, ಆ ನಿರ್ಣಯ ಶಾಸನದ ಅಡಿಯಲ್ಲಿ ಕೈಗೊಂಡದ್ದಲ್ಲವಾದುದರಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪರಾಮರ್ಶೆಯ ಕಾಯಿದೆಗೆ ಒಳಪಡದು ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯ 2005ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ ಹಳೆಯ ವಿಶ್ವವಿದ್ಯಾಲಯಗಳ ಒಳಜಗಳಗಳನ್ನು ಸಂದರ್ಶಕ ಎಂಬ ಅಧಿಕಾರಿಯೇ ತೀರಿಸುತ್ತಿದ್ದನು. 2004ರ ಕಾಯಿದೆ ವಿದ್ಯಾರ್ಥಿಗಳ ದೂರುಗಳನ್ನು ಅವನ ಕೈಯಿಂದ ತೆಗೆದು ಸ್ವತಂತ್ರ ಕಚೇರಿಯ ವ್ಯವಸ್ಥೆಗೆ ಒಪ್ಪಿಸಿತು. ನಮ್ಮಲ್ಲಿ ಕಾನೂನಿನಿಂದ ಸ್ಥಾಪಿತವಾದ ವಿಶ್ವವಿದ್ಯಾಲಯದ ನಿರ್ಣಯವನ್ನು 226ನೆಯ ಅನುಚ್ಛೇದದ ಅಡಿಯಲ್ಲಿ ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಒಯ್ಯಬಹುದು.

7

ಆದರೆ ತೆರೆದ ಬಾಗಿಲಿನೊಳಗೆ ದೊರೆಯುವುದೇನು? ಮೇಲಿನ ಸಮೀಕ್ಷೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದು: ಯಾವ ನ್ಯಾಯಾಲಯವೂ ಮಹಾಪ್ರಬಂಧವನ್ನು ತಾನೇ ಓದಿ ಅದಕ್ಕೆ ಪದವಿ ಕೊಡದು. ಪರೀಕ್ಷಕರ ಮಂಡಲಿ ನಿಯಮಬಾಹಿರವಾಗಿ ರಚಿತವಾಗಿದ್ದರೆ ಇನ್ನೊಂದು ಮಂಡಲಿಯನ್ನು ರಚಿಸಲು ಹೇಳುತ್ತದೆ; ಮಾತು ಕೇಳದೆ ಶಿಕ್ಷಿಸಿದ್ದರೆ ಕೇಳಿ ಮತ್ತೆ ನಿರ್ಣಯಿಸಲು ಹೇಳುತ್ತದೆ. ಎರಡನೆಯ ಸಲವೂ ಉತ್ತರ ಅದೇ ಆಗಬಹುದು. ಎರಡು: ಗೆಲುವು ಸೋಲುಗಳನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಕಾಗದಪತ್ರ. ಬರೆದು ಕೇಳಿದ್ದು, ಬರೆದು ನಿರಾಕರಿಸಿದ್ದು ಇಲ್ಲದಿದ್ದರೆ ನ್ಯಾಯಾಧೀಶನಿಗೆ ನೋಡಲು ಏನೂ ಇರುವುದಿಲ್ಲ. ಮೂರು: ಕಾಲದ ನಷ್ಟವನ್ನು ಯಾವ ತೀರ್ಪೂ ತುಂಬಿಕೊಡದು. 1954ರ ಪರೀಕ್ಷೆಗೆ 1962ರಲ್ಲಿ, 1959ರ ಅರ್ಜಿಗೆ 1963ರಲ್ಲಿ ಕೊನೆಯ ಮಾತು ಬಂದಿತು.

ಆದುದರಿಂದ ಈ ಚರಿತ್ರೆಯ ಬೋಧೆ ನ್ಯಾಯಾಲಯಕ್ಕಿಂತ ಹೆಚ್ಚಾಗಿ ವಿಶ್ವವಿದ್ಯಾಲಯದ ಕಡೆಗೆ ತಿರುಗಿದೆ. ವಿದ್ವಾಂಸರ ಅಭಿಪ್ರಾಯಕ್ಕೆ ನ್ಯಾಯಾಲಯ ಕೊಡುತ್ತಿರುವ ಗೌರವ, ಆ ಅಭಿಪ್ರಾಯ ನಿಷ್ಪಕ್ಷಪಾತವಾದುದು ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಪರೀಕ್ಷಕನ ಹೊಣೆ. ಅವನು ಕಾರಣಗಳನ್ನು ಬರೆದರೆ, ಸಂಬಂಧವಿದ್ದಲ್ಲಿ ಹಿಂದೆ ಸರಿದರೆ, ವರದಿಯನ್ನು ಸಕಾಲದಲ್ಲಿ ಕಳುಹಿಸಿದರೆ, ಕೇಳಬೇಕಾದವರ ಮಾತನ್ನು ಕಚೇರಿ ಕೇಳಿದರೆ, ತಿರುವನಂತಪುರದಿಂದ ಎರ್ನಾಕುಲಂಗೆ ಹೋಗುವ ಅರ್ಜಿಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ನಾಡಿನ ಹೊರಗೆ, ಅನ್ಯಭಾಷೆಯ ಆಡಳಿತವಿರುವ ವಿಶ್ವವಿದ್ಯಾಲಯಗಳಲ್ಲಿ, ಕನ್ನಡ ಬಲ್ಲ ಪರೀಕ್ಷಕರು ಕೆಲವರೇ ಇರುವಲ್ಲಿ ಕನ್ನಡ ಮಹಾಪ್ರಬಂಧ ಬರೆಯುತ್ತಿರುವವರಿಗೆ ಈ ಮಾತು ಇನ್ನೂ ಹತ್ತಿರದ್ದು. ಕೆಲವರೇ ಇರುವುದರಿಂದ ಪರಸ್ಪರ ಪರಿಚಯ ತಪ್ಪದು. ಪರಿಚಯ ತಪ್ಪದಿರುವುದರಿಂದಲೇ ಕ್ರಮ ತಪ್ಪಬಾರದು.